ಮಂಗಗೂಸು ಮೀಮಾಂಸೆ

ಮುಂಗುಸಿಗೆ ಇಂಗ್ಲಿಷಿನವರು ‘ಮಂಗೂಸ್’ ಎನ್ನುತ್ತಾರೆ. ಈ ಪದ ತಮ್ಮ ಮನೆಯದಲ್ಲ ಎಂದು ಅವರ ನಿಘಂಟುಗಳೇ ಒಪ್ಪುತ್ತವೆ. ಮರಾಠಿಯ ‘ಮುಂಗೂಸ’ದಿಂದ ಬಂತು, ಅದರ ಬೆನ್ನಿಗೆ ತೆಲುಗಿನ ‘ಮುಂಗಿಸ’, ಕನ್ನಡದ ‘ಮುಂಗುಸಿ’ಗಳಂಥ ದ್ರಾವಿಡ ರೂಪಗಳಿವೆ ಎಂದು ಎರಡು ಸಾಲು ಬರೆದು ಕೈತೊಳೆದುಕೊಳ್ಳುತ್ತವೆ. ಇಷ್ಟು ಸರಳವಾದ ವಿವರಣೆಯನ್ನು ಒಪ್ಪಿಬಿಟ್ಟರೆ ಪ್ರಬಂಧ ಬರೆಯುವವರ ಗತಿಯೇನು ಎಂಬ ಪ್ರಶ್ನೆ ಹಾಗಿರಲಿ, ಸತ್ಯದ ಗತಿಯೇನು? ಪ್ರಕೃತ ಪ್ರಬಂಧದ ಸಿದ್ಧಾಂತ ಇಷ್ಟು: ‘ಮಂಗೂಸ್’ ಎಂಬುದು ಅಚ್ಚಗನ್ನಡದ ‘ಮಂಗಗೂಸು’, ‘ಮುಂಗುಸಿ’ ಎಂಬುದು ಅದರ ಅಪಭ್ರಂಶ. ಅಂದರೆ ನಾವು ಬಾಯಲ್ಲಿಟ್ಟು ಕೆಡಿಸಿಕೊಂಡ ಮಾತನ್ನು ಇಂಗ್ಲಿಷಿನವರು ಮುನ್ನೂರು ವರ್ಷ ಜೋಪಾನ ಮಾಡಿದ್ದಾರೆ. ವಸಾಹತುಶಾಹಿಯ ಖಾತೆಯಲ್ಲಿ ಜಮೆಯ ಕಡೆ ಬರೆಯಬಹುದಾದ ಬಾಬ್ತು ಬಹುಶಃ ಇದೊಂದೇ.

ವ್ಯಾಕರಣ ನಮ್ಮ ಪಕ್ಷದಲ್ಲಿದೆ. ಉತ್ತರಪದದ ಮೊದಲಿನ ಕ, ತ, ಪಗಳಿಗೆ ಗ, ದ, ಬಗಳು ಬರುತ್ತವೆಂಬುದು ಹೈಸ್ಕೂಲಿನ ಮೆಟ್ಟಿಲು ಹತ್ತಿದವರಿಗೆಲ್ಲ ಗೊತ್ತಿರುವ ಆದೇಶಸಂಧಿ. ಹೆಣ್ಣು ಮತ್ತು ಕೂಸು ಸೇರಿ ಹೆಣ್ಣುಗೂಸು, ಗಂಡು ಮತ್ತು ಕೂಸು ಸೇರಿ ಗಂಡುಗೂಸು. ಹಾಗಾದರೆ ಮಂಗ ಮತ್ತು ಕೂಸು ಸೇರಿದಾಗ ಮಂಗಗೂಸಲ್ಲದೆ ಇನ್ನೇನಾದೀತು? ಒಂದರ ಬೆನ್ನಿಗೊಂದು ಬಂದ ಎರಡು ಗಕಾರಗಳಲ್ಲಿ ಒಂದು ಸವೆದುಹೋದದ್ದಕ್ಕೆ ವಿಶೇಷ ಸಮರ್ಥನೆ ಬೇಕಿಲ್ಲ. ‘ಹೋಗಿಬಿಡುತ್ತೇನೆ’ ಎಂಬುದನ್ನು ‘ಹೋಗ್ಬಿಡ್ತೀನಿ’ ಎಂದು ನುಂಗುವ ಜನಕ್ಕೆ ಒಂದು ಗಕಾರ ಯಾವ ಲೆಕ್ಕ? ಕೊನೆಯ ಉಕಾರವನ್ನು ಇಂಗ್ಲಿಷಿನವರು ಬಿಟ್ಟದ್ದೂ ಸಹಜವೇ. ಮೈಸೂರಿನ ಬಾಲದಿಂದ ಉಕಾರ ಕಿತ್ತವರು ಮಂಗಗೂಸಿನ ಬಾಲಕ್ಕೆ ರಿಯಾಯಿತಿ ಕೊಡಲಾರರು.

ಇಲ್ಲಿ ಬಾತು ಪಂಥದವರ ಆಕ್ಷೇಪವನ್ನು ಎದುರಿಸಬೇಕು. ಇಂಗ್ಲಿಷಿನಲ್ಲಿ ‘ಗೂಸ್’ ಎಂದರೆ ದೊಡ್ಡ ಬಾತು; ಪರಭಾಷೆಯ ಪದದ ತುದಿ ತಮ್ಮ ಬಾತಿನಂತೆ ಕೇಳಿಸಿದ್ದರಿಂದ ಇಂಗ್ಲಿಷರು ಕಾಗುಣಿತವನ್ನೂ ಹಾಗೆಯೇ ತಿದ್ದಿಕೊಂಡರು ಎಂಬುದು ಇವರ ವಾದ. ‘ಗೂಸ್’ ನಮ್ಮ ‘ಹಂಸ’ದ ದಾಯಾದಿ ಎಂಬುದು ನಿಜ, ಇಂಡೋ ಯುರೋಪಿಯನ್ ಭಾಷಾಶಾಸ್ತ್ರದಲ್ಲಿ ಇದರ ಬಗ್ಗೆ ತಕರಾರಿಲ್ಲ. ಆದರೆ ಬಹುವಚನ ನೋಡಿ. ಒಂದು ‘ಗೂಸ್’ ಎರಡಾದರೆ ‘ಗೀಸ್’ ಆಗುತ್ತದೆ. ಒಂದು ‘ಮಂಗೂಸ್’ ಎರಡಾದರೆ ‘ಮಂಗೀಸ್’ ಆಗುವುದಿಲ್ಲ, ತೆಪ್ಪಗೆ ‘ಮಂಗೂಸಸ್’ ಆಗುತ್ತದೆ. ಗೂಸ್ ಗೀಸ್ ಆಗುವ ಸ್ವರಪಲ್ಲಟ ಇಂಗ್ಲಿಷಿನ ಬಹಳ ಹಳೆಯ ಕಾಲದ ಚಾಳಿ, ಆಮೇಲೆ ಹೊರಗಿನಿಂದ ಬಂದ ಪದಗಳಿಗೆ ಅದು ತಗಲದು ಎಂದು ಪಂಡಿತರು ಸಮಾಧಾನ ಹೇಳಬಹುದು. ನಾವು ಇನ್ನೂ ಒಳಗಿನ ಕಾರಣ ಹೇಳುತ್ತೇವೆ. ಕೂಸು ಎರಡಾದರೆ ‘ಕೂಸುಗಳು’. ಹೊಟ್ಟೆಯೊಳಗಿನ ಸ್ವರ ಅಲ್ಲಾಡದೆ ತುದಿಗೊಂದು ಪ್ರತ್ಯಯ ಅಂಟುತ್ತದೆ, ಅಷ್ಟೆ. ಇಂಗ್ಲಿಷ್ ಮಂಗೂಸು ಇವತ್ತಿಗೂ ಕನ್ನಡ ವ್ಯಾಕರಣಕ್ಕೆ ವಿಧೇಯವಾಗಿ ನಡೆದುಕೊಳ್ಳುತ್ತಿದೆ. ನಮ್ಮ ಮಕ್ಕಳು ಅಷ್ಟು ವಿಧೇಯರಾಗಿಲ್ಲ.

ಪ್ರಾಣಿಶಾಸ್ತ್ರಜ್ಞರ ಆಕ್ಷೇಪ ಇದಕ್ಕಿಂತ ಗಡಸು. ಮುಂಗುಸಿ ಬೆಕ್ಕು, ಕತ್ತೆಕಿರುಬಗಳ ಬಳಗದ ಮಾಂಸಾಹಾರಿ, ಮಂಗನಿಗೂ ಅದಕ್ಕೂ ಕೊಳುಕೊಡುಗೆಯಿಲ್ಲ ಎನ್ನುತ್ತಾರೆ. ಮುಳ್ಳುಹಂದಿ ಹಂದಿಯೇ? ಚಿಪ್ಪುಹಂದಿ ಹಂದಿಯೇ? ನೀರುನಾಯಿ ಯಾವ ನಾಯಿಯ ವಂಶ? ಕನ್ನಡ ನಾಮಕರಣ ಮಾಡುವಾಗ ರಕ್ತಪರೀಕ್ಷೆಗೆ ಕಾಯುವುದಿಲ್ಲ. ಹೆಸರನ್ನು ಕಡ ತಂದವರೂ ಕಾಯುವುದಿಲ್ಲ: ತೆಲುಗಿನ ‘ಪಂದಿಕೊಕ್ಕು’ ಎಂಬ ಹೆಗ್ಗಣದ ಹೆಸರನ್ನು ‘ಬ್ಯಾಂಡಿಕೂಟ್’ ಮಾಡಿಕೊಂಡು, ಅದನ್ನು ಆಸ್ಟ್ರೇಲಿಯದ ಹೊಟ್ಟೆಚೀಲದ ಪ್ರಾಣಿಗೆ ಅಂಟಿಸಿದವರೂ ಇದೇ ಇಂಗ್ಲಿಷರು. ಇಷ್ಟಾಗಿಯೂ ಮಂಗನ ಸಂಬಂಧಕ್ಕೆ ದಾಖಲೆ ಬೇಕೆನ್ನುವವರಿಗೆ ದಾಖಲೆಯಿದೆ. ಜೀವಿಗಳಿಗೆಲ್ಲ ಲ್ಯಾಟಿನ್ ಹೆಸರಿಡುತ್ತಿದ್ದ ಲಿನೇಯಸ್ 1766ರಲ್ಲಿ ಒಂದು ಪ್ರಾಣಿಯನ್ನು ‘ಲೀಮರ್ ಮಂಗೋಜ್’ ಎಂದು ಕರೆದ. ಇಂಗ್ಲಿಷಿನಲ್ಲಿ ಅದನ್ನು ಈಗಲೂ ಮಂಗೂಸ್ ಲೀಮರ್ ಎನ್ನುತ್ತಾರೆ. ಮಡಗಾಸ್ಕರಿನ ಮರಗಳ ಮೇಲೆ ಬಾಲ ಇಳಿಬಿಟ್ಟುಕೊಂಡು ಕೂರುವ ಈ ಪ್ರಾಣಿ ಮುಂಗುಸಿಯಲ್ಲ, ಮಂಗನ ದೂರದ ನೆಂಟ! ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ. ನಮ್ಮ ತುಮಕೂರು ಕಡೆಯ ಕುರುಚಲಿನಲ್ಲಿ ರಾತ್ರಿ ಹೊತ್ತು ಬಟ್ಟಲುಗಣ್ಣು ಬಿಟ್ಟುಕೊಂಡು ಕೊಂಬೆಯಿಂದ ಕೊಂಬೆಗೆ ಮೆಲ್ಲಗೆ ತೆವಳುವ, ಅದೇ ನೆಂಟಸ್ತಿಕೆಯ ಪ್ರಾಣಿಗೆ ಕನ್ನಡದಲ್ಲಿ ಏನನ್ನುತ್ತಾರೆ? ಕಾಡುಪಾಪ. ಅದರ ಸಿಂಹಳದ ದಾಯಾದಿಯನ್ನು ಲಿನೇಯಸ್ 1758ರಲ್ಲೇ ಲೀಮರ್ ಕುಲಕ್ಕೆ ಸೇರಿಸಿಯಾಗಿತ್ತು. ಒಂದೇ ಕುಲದಲ್ಲಿ ಒಂದು ಕಡೆ ಪಾಪ, ಇನ್ನೊಂದು ಕಡೆ ಮಂಗೋಜ್. ನಡುವಿನ ಕೊಂಡಿ ಕಾಣದವರಿಗೆ ಕಣ್ಣಿನ ವೈದ್ಯರನ್ನು ಸೂಚಿಸಬಹುದೇ ಹೊರತು ಗ್ರಂಥಗಳನ್ನಲ್ಲ.

ಮಂಗನದು ಮರಿ, ಮನುಷ್ಯರದು ಮಾತ್ರ ಕೂಸು ಎಂದು ಕೆಲವರು ಪ್ರಯೋಗದ ತಪ್ಪು ಹಿಡಿಯುವುದುಂಟು. ಈ ಆಕ್ಷೇಪ ನಮಗೆ ಒದಗಿ ಬಂದ ಊರುಗೋಲು. ಹೆತ್ತದ್ದಾದರೆ ಮರಿ, ಮನೆಯಲ್ಲಿಟ್ಟು ಸಾಕಿದ್ದಾದರೆ ಕೂಸು. ಮುಂಗುಸಿ ಸಾಕಿದ ಕೂಸೆಂಬುದಕ್ಕೆ ಸಾಕ್ಷಿ ಧಾರಾಳವಾಗಿದೆ. ತಮಿಳರು ಮುಂಗುಸಿಗೆ ‘ಕೀರಿಪ್ಪಿಳ್ಳೈ’ ಎನ್ನುತ್ತಾರೆ. ಪಿಳ್ಳೈ ಎಂದರೆ ಕೂಸೇ. 1563ರಲ್ಲಿ ಗೋವೆಯಲ್ಲಿ ಅಚ್ಚಾದ ತನ್ನ ಪುಸ್ತಕದಲ್ಲಿ ಪೋರ್ಚುಗೀಸ್ ವೈದ್ಯ ಗಾರ್ಸಿಯಾ ದ ಓರ್ತಾ ಈ ಹೆಸರನ್ನು ‘ಕ್ವಿರ್ಪೆಲೆ’ ಎಂದು ಬರೆದಿಟ್ಟಿದ್ದಾನೆ. ಅವನ ಕೈಯಲ್ಲಿ ಪಿಳ್ಳೈ ಸೊರಗಿದರೂ ಸತ್ತಿಲ್ಲ. ಪಂಚತಂತ್ರದ ಬ್ರಾಹ್ಮಣನ ಮನೆಯಲ್ಲಿ ತೊಟ್ಟಿಲ ಪಕ್ಕ ಹಾವನ್ನು ಕಚ್ಚಿ ತುಂಡು ಮಾಡಿ, ರಕ್ತ ಮೆತ್ತಿದ ಬಾಯಿಯಿಂದ ಬಾಗಿಲಿಗೆ ಓಡಿಬಂದು, ಕೊಡದ ಏಟಿಗೆ ಸತ್ತ ಮುಂಗುಸಿ ಆ ಮನೆಯ ಎರಡನೆಯ ಕೂಸಲ್ಲದೆ ಮತ್ತೇನು? ಕಿಪ್ಲಿಂಗನ ರಿಕ್ಕಿ ಟಿಕ್ಕಿ ಟಾವಿಯೂ ಮಳೆಗಾಲದ ನೆರೆಗೆ ಬಿಲದಿಂದ ಕೊಚ್ಚಿಬಂದು ಸುಗೌಲಿಯ ದಂಡಿನ ಬಂಗಲೆಯಲ್ಲಿ ಬೆಳೆದ ಕೂಸು. ಆ ಕಥೆಯುಳ್ಳ ‘ಜಂಗಲ್ ಬುಕ್’ ಪುಸ್ತಕವಾಗಿ ಬಂದದ್ದು 1894ರಲ್ಲಿ. ರೆವರೆಂಡ್ ಕಿಟ್ಟೆಲ್ ಅವರ ಕನ್ನಡ ಇಂಗ್ಲಿಷ್ ನಿಘಂಟು ಮಂಗಳೂರಿನ ಬಾಸೆಲ್ ಮಿಶನ್ ಮುದ್ರಣಾಲಯದಿಂದ ಹೊರಬಂದದ್ದೂ 1894ರಲ್ಲಿ. ಇದನ್ನು ಕಾಕತಾಳೀಯ ಎನ್ನುವವರು ಎನ್ನಲಿ. ಸಂಶೋಧನೆಯಲ್ಲಿ ಕಾಕತಾಳೀಯವೆಂಬುದು ಅಡಿಟಿಪ್ಪಣಿ ಸಿಗದ ಪುರಾವೆ.

ಪುರಾಣದ ಆಧಾರವನ್ನು ಸಂಕೋಚದಿಂದಲೇ ಎತ್ತುತ್ತೇವೆ, ಏಕೆಂದರೆ ಅದು ಅಗತ್ಯಕ್ಕಿಂತ ಬಲವಾಗಿದೆ. ಸಂಸ್ಕೃತದಲ್ಲಿ ಮುಂಗುಸಿಗೆ ನಕುಲ. ನಕುಲ ಭೀಮನ ತಮ್ಮ, ಭೀಮ ಹನುಮಂತನ ತಮ್ಮ. ಆದಕಾರಣ ಮುಂಗುಸಿ ಮಂಗನ ತಮ್ಮ. ತಮ್ಮನೆಂದರೆ ಕೂಸಾಗುವುದು ಹೇಗೆ ಎಂದರೆ, ಅಣ್ಣ ತ್ರೇತಾಯುಗದವನು, ತಮ್ಮ ದ್ವಾಪರದವನು. ಒಂದಿಡೀ ಯುಗ ಚಿಕ್ಕವನಾದ ತಮ್ಮನನ್ನು ಕೂಸೆನ್ನದೆ ಇನ್ನೇನೆಂದು ಎತ್ತಿಕೊಳ್ಳುವುದು? ಅಶ್ವಮೇಧ ಮುಗಿಸಿ ಬೀಗುತ್ತಿದ್ದ ಧರ್ಮರಾಯನ ಯಜ್ಞಶಾಲೆಗೆ ಅರ್ಧ ಮೈ ಚಿನ್ನವಾದ ಮುಂಗುಸಿಯೊಂದು ಬಂದು, ನಿನ್ನ ಯಾಗ ಬಡ ಬ್ರಾಹ್ಮಣನೊಬ್ಬನ ಒಂದು ಸೇರು ಹಿಟ್ಟಿಗೆ ಸಾಟಿಯಲ್ಲ ಎಂದು ಅಣಕಿಸಿದ್ದೂ ಮಹಾಭಾರತದಲ್ಲೇ ಇದೆ. ತುಂಬಿದ ಸಭೆಯಲ್ಲಿ ಚಕ್ರವರ್ತಿಯನ್ನು ಅಣಕಿಸುವುದು ಯಾವ ಜಾತಿಯ ಗುಣವೆಂದು ಬಿಡಿಸಿ ಹೇಳಬೇಕಿಲ್ಲ. ನಡತೆಗೆ ಈಚಿನ ಸಾಕ್ಷಿ ಬೇಕಿದ್ದರೆ ಜಮೈಕಾಕ್ಕೆ ಹೋಗಬೇಕು. ಕಬ್ಬಿನ ಗದ್ದೆಯ ಇಲಿ ಹಿಡಿಯಲೆಂದು 1872ರಲ್ಲಿ ಎಸ್ಪ್ಯೂಟ್ ಎಂಬ ತೋಟದ ಸಾಹುಕಾರ ಕಲ್ಕತ್ತೆಯಿಂದ ಒಂಬತ್ತು ಮುಂಗುಸಿ ತರಿಸಿದ. ಅವು ಇಲಿ ತಿಂದವು; ಜೊತೆಗೆ ಹಕ್ಕಿ, ಹಲ್ಲಿ, ಮೊಟ್ಟೆ, ಕೋಳಿಮರಿಗಳನ್ನೂ ತಿಂದವು. ಅವುಗಳ ಸಂತತಿಯನ್ನು 1883ರಲ್ಲಿ ಹವಾಯಿಗೂ ಒಯ್ದರು. ಅಲ್ಲಿ ಇಲಿಯ ಓಡಾಟ ಹೆಚ್ಚಾಗಿ ರಾತ್ರಿ, ಮುಂಗುಸಿಯದು ಹಗಲು. ಒಪ್ಪಿಸಿದ ಕೆಲಸ ಬಿಟ್ಟು ಮಿಕ್ಕಿದ್ದನ್ನೆಲ್ಲ ಮಾಡುವುದಕ್ಕೆ ಕನ್ನಡದಲ್ಲಿ ಮಂಗಚೇಷ್ಟೆ ಎನ್ನುತ್ತಾರೆ. ತಪ್ಪು ಪ್ರಾಣಿಯದೋ ಸಾಹುಕಾರನದೋ ಎಂಬುದು ಈ ಪ್ರಬಂಧದ ವ್ಯಾಪ್ತಿಗೆ ಬರದು.

ಉಳಿದದ್ದು ಸ್ವರದ ತಕರಾರು. ಕನ್ನಡದಲ್ಲಿ ಮುಂಗುಸಿ, ಮುಂಗಿಸಿ, ಮುಂಗುಲಿ, ತುಳುವಿನಲ್ಲಿ ಮುಂಗುಲಿ, ತೆಲುಗಿನಲ್ಲಿ ಮುಂಗಿಸ. ಎಲ್ಲೆಡೆಯೂ ‘ಮುಂ’ ಇರುವಾಗ ‘ಮಂ’ ಹೇಗೆ ಮೂಲವಾದೀತು ಎನ್ನುತ್ತಾರೆ. ಇದು ಬಹುಮತದ ವಾದ. ಬಹುಮತದಿಂದ ಸರ್ಕಾರ ರಚಿಸಬಹುದು, ಧಾತು ನಿರ್ಣಯಿಸಲಾಗದು. ಅಷ್ಟೊಂದು ಭಾಷೆಗಳು ಒಂದೇ ತಪ್ಪು ಮಾಡಿದ್ದಾದರೆ ಅವು ಒಂದನ್ನೊಂದು ನೋಡಿ ಕಾಪಿ ಹೊಡೆದಿವೆ ಎಂದೇ ಪರೀಕ್ಷಾ ಮೇಲ್ವಿಚಾರಕರು ತೀರ್ಮಾನಿಸುತ್ತಾರೆ. ಮಡಿಕೇರಿಯನ್ನು ಮರ್ಕರಾ ಮಾಡಿದವರ ಕಿವಿಯನ್ನು ನಂಬುವುದೇ ಎಂದರೆ, ನಂಬುತ್ತೇವೆ, ಈ ಒಂದು ಪದದ ಮಟ್ಟಿಗೆ.

ಕೊನೆಗೆ ಮರಾಠಿಯ ಹಕ್ಕು. ಮುಂಗುಸಿಯ ಹೆಸರನ್ನು ಇಂಗ್ಲಿಷಿನಲ್ಲಿ ಮೊದಮೊದಲು ಬರೆದವರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ವೈದ್ಯ ಜಾನ್ ಫ್ರೈಯರ್ ಒಬ್ಬ. 1670ರ ದಶಕದಲ್ಲಿ ಪಶ್ಚಿಮ ಕರಾವಳಿ ಸುತ್ತಿದ ಅವನ ಪುಸ್ತಕ 1698ರಲ್ಲಿ ಪ್ರಕಟವಾಯಿತು. ಸೂರತ್ತು, ಮುಂಬಯಿಗಳಲ್ಲಿ ಅವನಿದ್ದದ್ದರಿಂದ ಪದವನ್ನು ಅಲ್ಲೇ ಕೇಳಿರಬೇಕೆಂದು ಎದುರು ಪಕ್ಷ ಹೇಳುತ್ತದೆ. ಅದೇ ಫ್ರೈಯರ್ ಕಾರವಾರಕ್ಕೂ ಬಂದಿದ್ದ, ಗೋಕರ್ಣದ ಜಾತ್ರೆಗೂ ಹೋಗಿದ್ದ ಎಂಬುದನ್ನು ಅದು ಜಾಣತನದಿಂದ ಬಿಡುತ್ತದೆ. ಪ್ರಾಣಿಯ ಸುದ್ದಿ ಪುಸ್ತಕದ ಯಾವ ಪುಟದಲ್ಲಿದೆ ಎಂಬುದು ಮುಖ್ಯವಲ್ಲ, ಬರೆದವನ ಕಿವಿ ಎಲ್ಲೆಲ್ಲಿ ಓಡಾಡಿತ್ತು ಎಂಬುದು ಮುಖ್ಯ. ಗೋಕರ್ಣದಲ್ಲಿ ಮಂಗಗಳಿಗೆ ಬರವಿಲ್ಲ, ಜಾತ್ರೆಯಲ್ಲಿ ಕೂಸುಗಳಿಗೂ ಬರವಿಲ್ಲ. ಇಷ್ಟಕ್ಕೂ ಸಮಾಧಾನವಾಗದವರು ಮಹಾಜನ್ ಆಯೋಗದ 1967ರ ವರದಿಯನ್ನು ತೆಗೆದು ನೋಡಬಹುದು. ಯಾವ ಹಳ್ಳಿ ಯಾರಿಗೆ ಎಂಬ ಶಿಫಾರಸು ಅದರಲ್ಲಿದೆ. ಮುಂಗುಸಿಯನ್ನು ಮಹಾರಾಷ್ಟ್ರಕ್ಕೆ ಬಿಟ್ಟುಕೊಡಬೇಕೆಂದು ಎಲ್ಲೂ ಇಲ್ಲ.