ಅಕಟಕಟ ಮೀಮಾಂಸೆ

ಮೊದಲಿಗೆ ಪ್ರಮೇಯ. 40 ಕಿಲೋಮೀಟರ್ ವೇಗದಲ್ಲಿ ಹೋಗುವಾಗ ಪ್ರಸ್ತುತ ಲೇಖಕನ ಬೈಕಿನ ಎಡಭಾಗದಿಂದ, ಸೀಟಿಗಿಂತ ಕೆಳಗೆ ಟಾರು ರಸ್ತೆಗಿಂತ ಮೇಲೆ, ಒಂದು ಸದ್ದು ಹೊರಡುತ್ತದೆ. ಸೀಮಾನಿರ್ದೇಶ ಇಷ್ಟು ನಿಖರವಾಗಿರುವುದೇ 8 ತಿಂಗಳ ಸಂಶೋಧನೆಯ ಫಲ. ಗಾಡಿ ಸೆಕೆಂಡ್ ಹ್ಯಾಂಡ್, ಆರ್.ಸಿ.ಯ ವಂಶಾವಳಿಯಲ್ಲಿ ನಾನು ಮೂರನೆಯವನು. ಮಾರಿದವರು "ಡಾಕ್ಟ್ರು ಓಡಿಸ್ತಿದ್ದ ಗಾಡಿ ಸಾರ್, ಕ್ಲಿನಿಕ್ಕಿಗೂ ಮನೆಗೂ ಅಷ್ಟೇ" ಎಂದಿದ್ದರು. ನಮ್ಮಲ್ಲಿ ಮಾರಾಟಕ್ಕೆ ಬರುವ ಹಳೇ ಗಾಡಿಯೆಲ್ಲ ಒಂದೋ ಡಾಕ್ಟರದ್ದು, ಇಲ್ಲವೇ ಮೇಷ್ಟ್ರದ್ದು. ಉಳಿದ ವೃತ್ತಿಯವರು ಏನನ್ನು ಓಡಿಸಿ ಸವೆಸುತ್ತಾರೆಂಬುದು ಬೇರೆಯೇ ಪ್ರಬಂಧಕ್ಕೆ ವಸ್ತು.

ಸದ್ದಿನ ಹೆಸರೇನು ಎಂಬಲ್ಲೇ ಭಿನ್ನಮತ. ನಾನದನ್ನು 'ಕಟ್, ಕಟ್' ಎಂದು ಓದಿಕೊಂಡಿದ್ದೆ. ಮೆಕ್ಯಾನಿಕ್ಕು, "ಲಟಲಟಾನೋ ಗರಗರಾನೋ, ಮೊದ್ಲು ಅದನ್ನ ಹೇಳಿ" ಎಂದ. ಇದು ಹಗುರವಾದ ಪ್ರಶ್ನೆಯಲ್ಲ. ಕನ್ನಡದ ಅನುಕರಣಾವ್ಯಯಗಳಷ್ಟು ಕರಾರುವಾಕ್ಕಾದ ರಿಪೇರಿ ಪರಿಭಾಷೆ ಯಾವ ಕಂಪನಿಯ ಮ್ಯಾನುಯಲ್ಲಿನಲ್ಲೂ ಸಿಗದು. ಗರಗರ ಎಂದರೆ ಬೇರಿಂಗ್ ಹೋಗಿದೆ. ಕಿರ್ರೋ ಎಂದರೆ ಚೈನು ಎಣ್ಣೆ ಕಂಡು ದಿನಗಳಾಗಿವೆ. ಲಟಲಟ ಎಂದರೆ ಚೈನು ಸಡಿಲಾಗಿ ಕವರಿಗೆ ಬಡಿಯುತ್ತಿದೆ. ಆಕ್ಸಿಲರೇಟರ್ ಕೊಟ್ಟಾಗೊಮ್ಮೆ ಬಿಟ್ಟಾಗೊಮ್ಮೆ ಧಡಕ್ ಎಂದರೆ, ಎಳೆತದ ಪೆಟ್ಟು ತಡೆಯಲೆಂದು ಹಿಂದಿನ ಡ್ರಮ್ಮಿನೊಳಗೆ ಕೂರಿಸಿದ ರಬ್ಬರುಗಳು ಪುಡಿಯಾಗಿವೆ. ಒಂದಕ್ಷರ ತಪ್ಪಿದರೆ ಎಂಜಿನ್ ಕೆಳಗಿಳಿಯುತ್ತದೆ. ಲೇಖಕ ಒಮ್ಮೆ ಬಾಯಿತಪ್ಪಿ ಕಟಕಟವನ್ನು ಗಟಗಟ ಎಂದುಬಿಟ್ಟ. ಕಕಾರಕ್ಕೆ ಗಕಾರ ಬಂದರೆ ಆದೇಶಸಂಧಿ ಎಂದು ಶಾಲೆಯಲ್ಲಿ ಓದಿದ್ದು. ಅದಕ್ಕೆ ಒಂದು ಸೆಟ್ ಕ್ಲಚ್ ಪ್ಲೇಟಿನ ಬೆಲೆಯೂ ಉಂಟೆಂದು ಗ್ಯಾರೇಜಿನಲ್ಲಿ ತಿಳಿದದ್ದು.

ಹಳೆಯ ಕಾವ್ಯಗಳಲ್ಲಿ ದುಃಖ ಉಕ್ಕಿದವರು 'ಅಕಟಕಟಾ' ಎನ್ನುತ್ತಾರಷ್ಟೆ. ಅದರ ನಡುವಿನ ಕಟಕಟ ಎಲ್ಲಿಂದ ಬಂತು? ನಿಘಂಟುಕಾರರ ಮಾತನ್ನು ಬದಿಗಿಟ್ಟು, ಇದು ಮೂಲತಃ ಸೆಕೆಂಡ್ ಹ್ಯಾಂಡ್ ರಥ ಕೊಂಡವನ ಉದ್ಗಾರವೆಂದು ಇಲ್ಲಿ ಮಂಡಿಸಲಾಗಿದೆ.

ಶಾಸ್ತ್ರಾಧಾರಕ್ಕೆ 13ನೇ ಶತಮಾನದ ಕೇಶಿರಾಜನಿದ್ದಾನೆ. 'ಶಬ್ದಮಣಿದರ್ಪಣ'ದಲ್ಲಿ ಆತ ಶಬ್ದದ ಹುಟ್ಟನ್ನೇ ವಿವರಿಸಿದ್ದಾನೆ: ಜೀವನ ಇಷ್ಟದಂತೆ, ಗಾಳಿ ಅನುಕೂಲವಾಗಿ ಒದಗಿದಾಗ, ನಾಭಿಯ ಬುಡದಲ್ಲಿ, ಕಹಳೆಯ ರೀತಿಯಲ್ಲಿ ಶಬ್ದವೆಂಬ ದ್ರವ್ಯ ಹುಟ್ಟುತ್ತದೆ, ಅದರ ಬಣ್ಣ ಬಿಳಿ. ನಾಭಿ ಎಂದರೆ ಹೊಕ್ಕುಳು ಎಂದಷ್ಟೇ ವ್ಯಾಖ್ಯಾನಕಾರರು ತಿಳಿದಿದ್ದಾರೆ. ಚಕ್ರದ ನಡುವಿನ ಹಬ್ಬಿಗೂ ಸಂಸ್ಕೃತದಲ್ಲಿ ನಾಭಿಯೆಂದೇ ಹೆಸರು. ಕೇಶಿರಾಜನ ಅನುಮಾನ ಹಿಂಬದಿ ಚಕ್ರದ ಬೇರಿಂಗಿನ ಮೇಲಿತ್ತೆಂಬುದಕ್ಕೆ ಇದಕ್ಕಿಂತ ಸ್ಪಷ್ಟ ಸೂಚನೆ ಬೇಕೆ? ಆತನ ಮಾತಿನ ಮೇಲೆ ಭಾರ ಹಾಕಿ ಚಕ್ರ ಬಿಚ್ಚಿಸಿದೆ. ಬೇರಿಂಗುಗಳು ಗಟ್ಟಿಯಾಗಿದ್ದವು. ಒಳಗೆ ಸಿಕ್ಕ ದ್ರವ್ಯ ಮಾತ್ರ ಕಪ್ಪಗಿತ್ತು.

ಇದಕ್ಕಿಂತ ದೊಡ್ಡ ತೊಡಕು ಬೇರೆ. ಗ್ಯಾರೇಜಿನ ಮುಂದೆ ಹೋಗಿ ನಿಂತರೆ ಸದ್ದಿಲ್ಲ. ಮೆಕ್ಯಾನಿಕ್ಕು ತಾನೇ ಹತ್ತಿ ಒಂದು ಸುತ್ತು ಹೊಡೆದುಬಂದರೂ ಇಲ್ಲ. ಶಬ್ದ ನಿತ್ಯವೋ ಅನಿತ್ಯವೋ ಎಂದು ನೈಯಾಯಿಕರೂ ಮೀಮಾಂಸಕರೂ ಶತಮಾನಗಟ್ಟಲೆ ಕಾದಾಡಿದ್ದಾರೆ. ಶಬ್ದ ಅನಿತ್ಯ, ಏಕೆಂದರೆ ಅದು ಹುಟ್ಟುವಂಥದ್ದು, ಮಡಕೆಯ ಹಾಗೆ ಎನ್ನುತ್ತಾರೆ ನೈಯಾಯಿಕರು. ಶಬ್ದ ಎಂದೆಂದೂ ಇದ್ದೇ ಇದೆ, ಉಚ್ಚಾರಣೆ ಅದನ್ನು ಹೊರಗೆಡಹುತ್ತದೆ ಅಷ್ಟೆ ಎನ್ನುತ್ತಾರೆ ಮೀಮಾಂಸಕರು. ನಮ್ಮ ಮೆಕ್ಯಾನಿಕ್ಕು ಅಪ್ಪಟ ನೈಯಾಯಿಕ. "ಈಗ ಬರ್ತಿಲ್ವಲ್ಲ ಸಾರ್? ಅಂದ್ರೆ ಇಲ್ಲ." ದುಡ್ಡು ಕೊಟ್ಟು ಗಾಡಿ ಕೊಂಡವನಿಗೆ ಮೀಮಾಂಸಕನಾಗದೆ ಬೇರೆ ದಾರಿಯಿಲ್ಲ.

ಆಪ್ತವಾಕ್ಯಕ್ಕೆ ಮೈಸೂರಿನಲ್ಲಿ ಬರವಿಲ್ಲ. 1961ರಿಂದ 1996ರವರೆಗೆ ಯಾದವಗಿರಿಯ ಕಾರ್ಖಾನೆಯಲ್ಲಿ ಜಾವಾ, ಯೆಜ್ಡಿ ಹುಟ್ಟಿದ ಊರಿದು. ಅರವತ್ತು ದಾಟಿದವರು ಕಿವಿಯಿಂದಲೇ ಎಂಜಿನ್ ಬಿಚ್ಚಬಲ್ಲರು. ಎದುರು ಮನೆಯ ಹಿರಿಯರು ಉದ್ದನೆಯ ಸ್ಕ್ರೂಡ್ರೈವರ್ ತಂದು, ತುದಿಯನ್ನು ಎಂಜಿನ್ನಿಗೂ ಹಿಡಿಯನ್ನು ಕಿವಿಗೂ ಒತ್ತಿಕೊಂಡು, ಎಂಟನೇ ಕ್ರಾಸಿನ ಗಣೇಶೋತ್ಸವದಲ್ಲಿ ತನಿ ಆವರ್ತನ ಕೇಳುವ ಭಂಗಿಯಲ್ಲಿ ಕಣ್ಣು ಮುಚ್ಚಿ ನಿಂತರು. ಆಮೇಲೆ ಜಾವಾದಲ್ಲಿ ಕಿಕ್ ಹೊಡೆಯುವ ಲಿವರೇ ಗೇರ್ ಲಿವರೂ ಆಗಿದ್ದದ್ದನ್ನೂ, ಹಿಂದಿನ ಚೈನು ಪೂರ್ತಿ ಮುಚ್ಚಿದ ಕವಚದೊಳಗೆ ಧೂಳು ಕೆಸರಿನ ಸೋಂಕಿಲ್ಲದೆ ಓಡುತ್ತಿದ್ದದ್ದನ್ನೂ ಮುಕ್ಕಾಲು ಗಂಟೆ ವರ್ಣಿಸಿ, ತಮ್ಮ ನಿರ್ಣಯ ಕೊಟ್ಟರು: "ಎಲ್ಲಾ ಸರಿಯಾಗಿದೆ ಕಣಯ್ಯ. ಗಾಡಿ ಜಾವಾ ಅಲ್ಲ, ಅದೊಂದೇ ತೊಂದರೆ."

ಉಳಿದದ್ದು ಅನುಮಾನ ಪ್ರಮಾಣ, ಅಂದರೆ ಲೆಕ್ಕ. 1880ರಲ್ಲಿ ಹಾನ್ಸ್ ರೆನಾಲ್ಡ್ ಮ್ಯಾಂಚೆಸ್ಟರಿನಲ್ಲಿ ಬುಷ್ ಇರುವ ರೋಲರ್ ಚೈನನ್ನು ಕಂಡುಹಿಡಿದಂದಿನಿಂದ ಅದು ಸವೆಯುವ ರೀತಿ ಬದಲಾಗಿಲ್ಲ. ಜನ 'ಚೈನು ಎಳಕೊಂಡಿದೆ' ಎನ್ನುತ್ತಾರೆ. ಅದು ಎಳೆದುಕೊಳ್ಳುವುದಿಲ್ಲ, ಒಂದೊಂದು ಕೊಂಡಿಯ ಪಿನ್ನೂ ಬುಷ್ಷೂ ಕೂದಲೆಳೆಯಷ್ಟು ಸವೆದು, ಎಲ್ಲ ಸೇರಿ ಉದ್ದವಾಗುತ್ತದೆ. ನನ್ನದು 428 ನಂಬರಿನ ಚೈನು. ಆ 4 ಎಂದರೆ ಪಿನ್ನಿನಿಂದ ಪಿನ್ನಿಗೆ ಅಂಗುಲದ ಎಂಟು ಪಾಲಿನಲ್ಲಿ ನಾಲ್ಕು, 12.7 ಮಿಲಿಮೀಟರು. ಹೊಸ ಚೈನಿನ 20 ಕೊಂಡಿ 254 ಮಿಲಿಮೀಟರ್ ಬರಬೇಕು. ಹೆಂಡತಿಯ ಹೊಲಿಗೆ ಟೇಪಿನಲ್ಲಿ ನನ್ನದು 256 ಬಂತು. ಹಳೇ ಗಾಡಿಗೆ ಇದು ಮದುವೆ ಹುಡುಗನ ಆರೋಗ್ಯ.

ಇನ್ನು ತಾಳ. ಮುಂದಿನ ಸ್ಪ್ರಾಕೆಟ್ಟಿಗೆ 14 ಹಲ್ಲು, ಹಿಂದಿನದಕ್ಕೆ 42, ಚೈನಿಗೆ 120 ಕೊಂಡಿ. 40ರ ವೇಗದಲ್ಲಿ ಹಿಂದಿನ ಚಕ್ರ ಸೆಕೆಂಡಿಗೆ ಹತ್ತಿರ ಹತ್ತಿರ 6 ಸುತ್ತು ತಿರುಗುತ್ತದೆ. ಸದ್ದು ಚಕ್ರದ್ದಾದರೆ ಸೆಕೆಂಡಿಗೆ 6 ಸಲ ಕೇಳಬೇಕು. ಮುಂದಿನ ಸ್ಪ್ರಾಕೆಟ್ಟಿನದಾದರೆ ಸುಮಾರು 18. ಹಲ್ಲಿಗೆ ಕೊಂಡಿ ಬಂದು ಕೂರುವುದರದಾದರೆ 250ರ ಆಸುಪಾಸು, ಅದು ಕಟ್ ಅಲ್ಲ, ತಂಬೂರಿ. ಚೈನು ಮಾತ್ರ ತನ್ನ ಪೂರ್ತಿ ಪ್ರದಕ್ಷಿಣೆ ಮುಗಿಸುವುದು ಸೆಕೆಂಡಿಗೆ ಎರಡೇ ಸಲ. ಹಿಂದೆ ಕೂತ ಹೆಂಡತಿಯ ಕೈಗೆ ಮೊಬೈಲಿನ ಸ್ಟಾಪ್‌ವಾಚ್ ಕೊಟ್ಟು ಎಣಿಸಲು ಹೇಳಿದೆ. 10 ಸೆಕೆಂಡಿಗೆ 20 ಕಟ್. ಚೈನಿನ ಯಾವುದೋ ಒಂದೇ ಜಾಗ, ಸುತ್ತಿಗೊಮ್ಮೆ, ಏನಕ್ಕೋ ತಾಗುತ್ತಿದೆ. ಸಂಶೋಧನಾ ಸಹಾಯಕಿ "ರೀ, ನನ್ನ ಕಾಲ ಹತ್ರವೇ ಬಡೀತಿದೆ" ಎಂದೂ ಸೇರಿಸಿದಳು. ಗಾಡಿ ಕೊಂಡ ಮೊದಲ ವಾರದಿಂದ ಅವಳು ಹೇಳುತ್ತ ಬಂದ ಮಾತದು. ಪ್ರತ್ಯಕ್ಷವೆನ್ನಲು ಹೇಳಿಕೆದಾರಳು ಗಾಡಿ ಓಡಿಸುತ್ತಿರಲಿಲ್ಲ. ಆಪ್ತವಾಕ್ಯವೆನ್ನಲು ಅವಳ ಬಳಿ ಸ್ಕ್ರೂಡ್ರೈವರ್ ಇರಲಿಲ್ಲ. ಹಾಗಾಗಿ ಅದನ್ನು 'ಇತರೆ' ಎಂಬ ತಲೆಬರಹದಡಿ ಬರೆದಿಟ್ಟೆ.

ಸಿದ್ಧಾಂತ ಗಟ್ಟಿಮಾಡಿಕೊಳ್ಳಲು ಚಾಮುಂಡಿ ಬೆಟ್ಟ ಹತ್ತಿದೆವು. ಹತ್ತುವಾಗ ಸದ್ದಿತ್ತು. ದರ್ಶನವಾದ ಮೇಲೆ ಹೆಂಡತಿ "ನಾನು ಮೆಟ್ಟಿಲಲ್ಲಿ ಇಳಿದು ಬರ್ತೀನಿ" ಎಂದಳು. ನಾನೊಬ್ಬನೇ ಗಾಡಿಯಲ್ಲಿ ಇಳಿದೆ. ನಡುವೆ ಸಪಾಟಾದ ಕಡೆ ಎಂಜಿನ್ ಆರಿಸಿ, ನ್ಯೂಟ್ರಲ್ಲಿಗೆ ಹಾಕಿ ಸ್ವಲ್ಪ ದೂರ ಉರುಳಿಸಿಯೂ ನೋಡಿದೆ. ಎಂಜಿನ್ ನಿಂತರೂ ಚಕ್ರದೊಂದಿಗೆ ಚೈನು ಸುತ್ತುತ್ತಲೇ ಇರುತ್ತದೆ, ಚೈನಿನದೇ ಸದ್ದಾದರೆ ಬರಬೇಕು. ಬರಲಿಲ್ಲ. ಬುಡದಲ್ಲಿ ನಿಂತು ಹೆಂಡತಿಗಾಗಿ ಕಾಯುತ್ತ, 'ಏರಿನಲ್ಲಿ ಮಾತ್ರ ಬರುವ ಸದ್ದು, ಎಂಜಿನ್ನಿನದೇ' ಎಂದು ಷರಾ ಬರೆದೆ. ಈ ಷರಾದ ಖರ್ಚನ್ನು ಇಲ್ಲಿ ಬರೆಯಲು ಮನಸ್ಸಿಲ್ಲ.

ಇಂಥ ತಪ್ಪಿಗೆ ತರ್ಕಶಾಸ್ತ್ರ ಉದಾಹರಣೆ ಸಿದ್ಧವಿಟ್ಟಿದೆ. ಹೊಗೆಯಿದ್ದಲ್ಲಿ ಬೆಂಕಿ ಉಂಟು. ಆದರೆ ಬೆಂಕಿಯಿದ್ದಲ್ಲೆಲ್ಲ ಹೊಗೆ ಉಂಟೆನ್ನುವಂತಿಲ್ಲ; ಕೆಂಪಗೆ ಕಾದ ಕಬ್ಬಿಣದಲ್ಲಿ ಬೆಂಕಿಯಿದೆ, ಹೊಗೆಯಿಲ್ಲ. ಹೊಗೆ ಏಳಬೇಕಾದರೆ ಹಸಿ ಸೌದೆ ಬೇಕು. ಈ ಹಸಿ ಸೌದೆಗೆ 'ಉಪಾಧಿ' ಎಂದು ಹೆಸರು. ನಮ್ಮ ಪ್ರಕರಣದಲ್ಲಿ ಹಸಿ ಸೌದೆ ಯಾವುದೆಂದು 8 ತಿಂಗಳು ಹೊಳೆಯದೆ ಹೋದದ್ದಕ್ಕೆ ಕಾರಣ, ಅದು ನನ್ನ ಬೆನ್ನ ಹಿಂದೆಯೇ ಕೂತಿತ್ತು.

ಹೊಳೆದದ್ದೂ ನನಗಲ್ಲ. ಒಂದು ಮದುವೆಗೆ ಹೊರಟವರು ದಾರಿಯಲ್ಲಿ ಗ್ಯಾರೇಜಿನ ಮುಂದೆ ನಿಲ್ಲಿಸಿದ್ದೆವು. ಮೆಕ್ಯಾನಿಕ್ಕು ಊಟಕ್ಕೆ ಹೋಗಿದ್ದ. ಹೊಸದಾಗಿ ಸೇರಿದ್ದ ಹುಡುಗ ಎದ್ದು ಬಂದು, ಇಳಿಯಹೊರಟ ಹೆಂಡತಿಗೆ "ಅಕ್ಕಾ, ಇಳೀಬೇಡಿ. ಸಾರ್, ನೀವು ಇಳಿದು ತಳ್ಳಿ" ಎಂದ. ರೇಷ್ಮೆ ಸೀರೆಯಲ್ಲಿ ಒಂದು ಪಕ್ಕಕ್ಕೆ ಕಾಲಿಟ್ಟು ಕೂತ ಅವಳನ್ನು ಜಂಬೂಸವಾರಿಯ ಗತ್ತಿನಲ್ಲಿ ತಳ್ಳಿಕೊಂಡು ಹೋದೆ. ಹುಡುಗ ಎಡಕ್ಕೆ ಬಗ್ಗಿಕೊಂಡು ಜೊತೆಗೇ ನಡೆದ. ಐದಾರು ಹೆಜ್ಜೆಗೊಂದು ಕಟ್. ಅವನು ಸದ್ದಿಗೆ ಹೆಸರೇನೂ ಇಡಲಿಲ್ಲ. ಅವಳ ಕಾಲ ಕೆಳಗೆ ಕೈಯಿಟ್ಟ, ಅಷ್ಟೆ.

ಸೀರೆ ಗಾರ್ಡಿಗೆ ಸೇರಿದ, ಕಾಲಿಡುವ ತಗಡಿನ ಬೋಲ್ಟು ಸಡಿಲಾಗಿತ್ತು. ಅವಳು ಕಾಲಿಟ್ಟ ಭಾರಕ್ಕೆ ತಗಡು ಒಳಗೆ ವಾಲಿ ಚೈನ್ ಕವರನ್ನು ಒತ್ತುತ್ತಿತ್ತು. ಚೈನಿನ ಎರಡು ತುದಿಯನ್ನು ಕೂಡಿಸುವ ಲಾಕು ಸುತ್ತಿಗೊಮ್ಮೆ ಆ ಕವರಿಗೆ ಸವರಿಕೊಂಡು ಹೋಗುತ್ತಿತ್ತು. ಸಾಲದ್ದಕ್ಕೆ ಲಾಕನ್ನು ಯಾರೋ ಹಿಂದುಮುಂದಾಗಿ ಹಾಕಿದ್ದರು. "ಮೀನಿನ ಥರ ಸಾರ್ ಇದು. ತಲೆ ಚೈನು ಓಡೋ ಕಡೆಗೆ ಇರ್ಬೇಕು, ಬಾಲ ಹಿಂದಕ್ಕೆ" ಎಂದು ತಿರುಗಿಸಿ ಹಾಕಿದ. ತಲೆ ಮುಚ್ಚಿದ ಬದಿ, ಬಾಲ ಸೀಳಿದ ಬದಿ. ಸೀಳು ಮುಂದಾದರೆ ಏನಕ್ಕಾದರೂ ತಗುಲಿ ಲಾಕು ಹಾರಿಹೋಗಬಹುದು. ಬೋಲ್ಟು ಬಿಗಿದ, ಕವರನ್ನು ಹೊರಕ್ಕೆ ಎಳೆದ, 20 ರೂಪಾಯಿ ಇಸಕೊಂಡ. ಊಟ ಮುಗಿಸಿ ಬಂದ ಮೆಕ್ಯಾನಿಕ್ಕು ನನ್ನ ಮೇಲೇ ರೇಗಿದ: "ಮೇಡಂ ಕೂತ್ರೆ ಮಾತ್ರ ಬರುತ್ತೆ ಅಂತ ಮೊದ್ಲೇ ಹೇಳ್ಬಾರ್ದಾ ಸಾರ್?"

ಈ ಪ್ರಬಂಧದ ಕರಡನ್ನು ಕಾಗುಣಿತ ನೋಡಲೆಂದು ಹೆಂಡತಿಗೆ ಕೊಟ್ಟೆ. ಆದೇಶಸಂಧಿಯ ಹತ್ತಿರ ನಕ್ಕಳು. 'ಇತರೆ' ಎಂಬಲ್ಲಿ ತಲೆಯೆತ್ತಿ ಒಮ್ಮೆ ನೋಡಿದಳು. ಇನ್ನೊಂದು ಪುಟ ಮಗುಚಿ, ಒಂದು ಸಾಲಿನ ಮೇಲೆ ಬೆರಳಿಟ್ಟು ಕೇಳಿದಳು: "ಈ ಹಸಿ ಸೌದೆ ಅಂದ್ರೆ ಯಾರು ರೀ?"

ಸಂಜೆ ದೇವರಾಜ ಮಾರುಕಟ್ಟೆಗೆ ಒಬ್ಬನೇ ಹೋಗಿಬಂದೆ. ಗಾಡಿ ತುಟಿ ಪಿಟಕ್ಕೆನ್ನಲಿಲ್ಲ.