ಕುನ್ನಿಯನ್ನು ಎತ್ತುವ ಶಾಸ್ತ್ರ: ಕೃಷ್ಣರಾಜಪೇಟೆ ಸೀಮೆಯ ಮಹಾಪ್ರಬಂಧ, ಸಂಪುಟ ಒಂದು

ಶಾಸ್ತ್ರಗ್ರಂಥಕ್ಕೆ ಅನುಬಂಧ ಚತುಷ್ಟಯ ಮೊದಲು ಬರಬೇಕೆಂಬುದು ಹಿಂದಿನವರ ಕಟ್ಟಳೆ. ಅದರಂತೆ, ವಿಷಯ: ಕೈ ಚಾಚಿದರೆ ಮಂಚದಡಿ ಸೇರುವ ಕುನ್ನಿ. ಪ್ರಯೋಜನ: ಅದನ್ನು ಪಶು ಆಸ್ಪತ್ರೆಯ ಮೇಜಿಗೆ ಮುಟ್ಟಿಸುವುದು. ಸಂಬಂಧ: ಹಲ್ಲಿಗೂ ಮುಂಗೈಗೂ ಇರುವಂಥದು. ಅಧಿಕಾರಿ: ಮನೆಯಲ್ಲಿ ಬೇರೆ ಯಾರೂ ಒಪ್ಪದ್ದರಿಂದ ನೇಮಕಗೊಂಡವನು.

ಪೂರ್ವೇತಿಹಾಸ. ಶ್ವಾನಶಾಸ್ತ್ರದಲ್ಲಿ ಮಂಡ್ಯ ಜಿಲ್ಲೆ ಹಿಂದೆ ಬಿದ್ದದ್ದಲ್ಲ. ಮದ್ದೂರು ತಾಲ್ಲೂಕಿನ ಆತಕೂರಿನ ಶಾಸನವೇ ಸಾಕ್ಷಿ. ಕಾಲ ಸುಮಾರು ಕ್ರಿ.ಶ. 950. ತಕ್ಕೋಲದ ಕಾಳಗದಲ್ಲಿ ಮೆರೆದ ಮಣಲೇರನಿಗೆ ಒಡೆಯ ‘ಏನು ಬೇಕೋ ಕೇಳು’ ಎಂದಾಗ ಅವನು ಕೇಳಿದ್ದು ಕಾಳಿ ಎಂಬ ನಾಯಿಯನ್ನು. ಕಾಳಿ ಹಂದಿಯೊಡನೆ ಸೆಣಸಿತು, ಎರಡೂ ಸತ್ತವು, ಕಲ್ಲು ನಿಂತಿತು, ಭೂಮಿ ದತ್ತಿಯಾಯಿತು. ಕಲ್ಲಿಗೆ ಪೂಜೆ ಮಾಡದೆ ಉಣ್ಣುವ ಗೊರವನಿಗೆ ಪಾಪವೂ ನಿಗದಿಯಾಯಿತು. ಇಷ್ಟೆಲ್ಲ ಕೊರೆದ ಲಿಪಿಕಾರ, ಮಣಲೇರ ಕಾಳಿಯನ್ನು ಮೊದಲ ದಿನ ಹೇಗೆ ಮುಟ್ಟಿದನೆಂಬುದನ್ನು ಮಾತ್ರ ಬಿಟ್ಟುಬಿಟ್ಟ. ನಮ್ಮ ಶಾಸ್ತ್ರ ಸಾವಿರ ವರ್ಷ ನಿಂತಲ್ಲೇ ನಿಂತದ್ದು ಈ ಒಂದು ಸಾಲಿನ ಜಿಪುಣತನದಿಂದ.

ಪೂರ್ವಪಕ್ಷ. ಪೇಟೆಯಲ್ಲಿ ಈಗ ಎರಡು ಪಂಥಗಳಿವೆ. ಮೊದಲನೆಯದು ಕತ್ತುಪಟ್ಟು ಪಂಥ, ಅದರ ಆಚಾರ್ಯರು ಜಗುಲಿಯಿಂದಲೇ ಉಪದೇಶಿಸುತ್ತಾರೆ: “ಕತ್ತಿಡ್ದು ಎತ್ತು ಕಣ್ಲಾ, ಅವ್ರವ್ವ ಅಂಗೇ ತಾನೆ ಎತ್ತದು!” ಖಂಡನೆ: ಅವ್ವ ಹಾಗೆ ಎತ್ತುವುದು ಕಣ್ಣು ಬಿಡದ ಎಳೆಯದನ್ನು, ಬೆಳೆದ ಕುನ್ನಿಗೆ ಅದು ನೋವು. ಎರಡನೆಯದು ಮುದ್ದುಪಂಥ. ಇವರು ಮುಖಕ್ಕೆ ಮುಖ ತಂದು, ಎದೆಗವಚಿಕೊಂಡು, ಕುನ್ನಿ ಆಕಳಿಸಿದರೆ ‘ಪಾಪ, ನಿದ್ದೆ’ ಎನ್ನುತ್ತಾರೆ. ನಿದ್ದೆಯ ಹೊತ್ತಲ್ಲದ ಹೊತ್ತಿನ ಆಕಳಿಕೆ, ತುಟಿ ನೆಕ್ಕುವುದು, ಮುಖ ತಿರುಗಿಸುವುದು, ಕಣ್ಣಂಚಿನ ಬಿಳಿ ಕಾಣುವುದು, ಇವೆಲ್ಲ ‘ಬಿಡು’ ಎಂಬ ಅರ್ಜಿಗಳು. ಅರ್ಜಿ ವಿಲೇವಾರಿಯಾಗದಿದ್ದರೆ ಗುರ್ ಎಂಬ ಜ್ಞಾಪನಪತ್ರ, ಆಮೇಲೆ ಜಾರಿ.

ಸಿದ್ಧಾಂತ. ಎರಡೂ ಪಂಥದವರು ಎತ್ತುವುದನ್ನಷ್ಟೇ ಚಿಂತಿಸಿದರು. ಇಳಿಸುವುದನ್ನು ಯಾರೂ ಚಿಂತಿಸಲಿಲ್ಲ. ಕುನ್ನಿಯ ಭಯವಿರುವುದು ಎತ್ತರದಲ್ಲಲ್ಲ, ಬಿಡುಗಡೆ ಯಾವಾಗಲೋ ಎಂಬ ಅನುಮಾನದಲ್ಲಿ. ಆದ್ದರಿಂದ ಶಾಸ್ತ್ರ ಇಳಿಸುವ ಕಡೆಯಿಂದ ಶುರುವಾಗಬೇಕು.

ವಿಧಿ. ನೆಲದಲ್ಲಿ ಪಕ್ಕಕ್ಕೆ ತಿರುಗಿ ಕೂತು, ಅದು ತಾನೇ ಬರುವತನಕ ಕಾಯಿರಿ. ತಲೆಯ ಮೇಲೆ ಕೈ ತರದೆ ಭುಜ ಸವರಿ, ಕೈ ತೆಗೆದು, ಬೇಯಿಸಿದ ಕೋಳಿಯ ಚೂರು ಕೊಡಿ. ನಿನ್ನೆಯ ಬಾಡಿನ ಸಾರಿನ ತುಂಡು ಬೇಡ. ಅದರ ಈರುಳ್ಳಿ, ಬೆಳ್ಳುಳ್ಳಿ ನಾಯಿಯ ರಕ್ತಕ್ಕೆ ಕೇಡು. ಮೊದಲು ಮುಟ್ಟುವುದು, ಆಮೇಲೆ ತಿಂಡಿ. ತಿರುಗಾ ಮುರುಗಾ ಆದರೆ ಕೋಳಿ ಕಂಡೊಡನೆ ಓಡುವ ಅಪೂರ್ವ ನಾಯಿ ತಯಾರಾಗುತ್ತದೆ. ಭುಜ ಒಪ್ಪಿದ ಮೇಲೆ ಕಿವಿ, ಪಂಜ, ಹೊಟ್ಟೆ. ಒಂದೊಂದೇ, ದಿನಕ್ಕೆ ಎರಡು ಮೂರು ನಿಮಿಷ. ಕೊನೆಗೆ ‘ಎತ್ತುತ್ತೀನಿ’ ಎಂದು ಹೇಳಿ, ಒಂದು ಕೈ ಎದೆಯಡಿ, ಇನ್ನೊಂದು ಹಿಂಗಾಲಿನಡಿ ಕೊಟ್ಟು, ನೆಲದಿಂದ ಒಂದು ಅಂಗುಲ ಎತ್ತಿ, ಅದು ಕೊಸರುವ ಮುಂಚೆಯೇ ಇಳಿಸಿ. ಭಾರ ಕೆಳಗಿನಿಂದ ಹೊರಬೇಕೆಂಬುದಕ್ಕೆ ಪ್ರಮಾಣ ಪಕ್ಕದ ಹೊಸಹೊಳಲಿನಲ್ಲೇ ಇದೆ: ಲಕ್ಷ್ಮೀನಾರಾಯಣ ಗುಡಿಯ ಗೋಡೆಯಲ್ಲಿ ಹೊಯ್ಸಳ ಶಿಲ್ಪಿಗಳು ಆನೆಗಳ ಸಾಲನ್ನು ಎಲ್ಲಕ್ಕಿಂತ ಕೆಳಗಿಟ್ಟರು, ಕುದುರೆಗಳನ್ನು ಅದರ ಮೇಲೆ. ಯಾವ ಆನೆಯನ್ನೂ ಕತ್ತು ಹಿಡಿದು ತೂಗುಹಾಕಿಲ್ಲ.

ಆಕ್ಷೇಪ: ಮೂರು ತಿಂಗಳಿಗೆ ರೇಬಿಸ್ ಲಸಿಕೆ ಹಾಕಿಸಬೇಕು, ಅಷ್ಟರಲ್ಲಿ ಕುನ್ನಿ ಒಪ್ಪದಿದ್ದರೆ? ಸಮಾಧಾನ: ಲಸಿಕೆ ಕಾಯುವುದಿಲ್ಲ. ಟವಲಿನಲ್ಲಿ ಸುತ್ತಿ ಒಯ್ಯಿರಿ, ವೈದ್ಯರಿಗೆ ಮೊದಲೇ ತಿಳಿಸಿ, ಮರುದಿನ ಭುಜದಿಂದ ಪಾಠ ಮತ್ತೆ ಹಿಡಿಯಿರಿ.

ಫಲಶ್ರುತಿ. ಇದನ್ನು ಓದಿದವರಿಗೆ ಸ್ವರ್ಗವಿಲ್ಲ. ಆಚರಿಸಿದವರು ಮುಂದಿನ ವರ್ಷದ ಲಸಿಕೆಗೆ ಕುನ್ನಿ ಹಿಡಿಯಲು ಬೀದಿಯವರನ್ನೆಲ್ಲ ಕೂಗಬೇಕಾಗಿಲ್ಲ. ಆದರೆ ಶಾಸ್ತ್ರ ಪೂರ್ತಿ ಸಿದ್ಧಿಸಿದರೆ ಕುನ್ನಿ ತಾನೇ ಬಂದು ಎತ್ತಿಕೋ ಎಂದು ಪಂಚೆ ಎಳೆಯುತ್ತದೆ. ಆ ವೇಳೆಗೆ ಅದರ ತೂಕ ಹದಿನೈದು ಕೆ.ಜಿ. ಆಗಿರುತ್ತದೆ. ಎತ್ತುವವನ ಸೊಂಟವನ್ನು ಕುರಿತ ಎರಡನೆಯ ಸಂಪುಟ ಸಿದ್ಧವಾಗುತ್ತಿದೆ.