ಭಾವನಿಗೊಂದು ಹಾಳೆ ಟೋಪಿ

(ಕುಪ್ಪಳ್ಳಿಯ ಗದ್ದೆಬಯಲಿನ ಶಾಮಿಯಾನದಲ್ಲಿ, ಆರ್‌ಸಿಬಿ ಅಭಿಮಾನಿಯೊಬ್ಬರ ಸನ್ಮಾನ ಸಮಾರಂಭದಂದು ಮಾಡಿದ ಅಭಿನಂದನಾ ಭಾಷಣ)

ವೇದಿಕೆಯ ಮೇಲಿರುವ ಗಣ್ಯರೇ, ಕುರ್ಚಿ ಸಾಲದೆ ಕೆಳಗೆ ಕೂತಿರುವ ಇನ್ನೂ ದೊಡ್ಡ ಗಣ್ಯರೇ, ಬಾಯಿತುಂಬ ಎಲೆಯಡಿಕೆ ಇರುವುದರಿಂದ ನನ್ನ ಮಾತಿಗೆ ಅಡ್ಡಿ ಹೇಳಲಾಗದ ಹಿರಿಯರೇ, ಗಡಿಕಲ್ಲು, ದೇವಂಗಿ, ಕೊಪ್ಪದ ಕಡೆಯಿಂದ ಬೈಕಿನಲ್ಲಿ ಮೂವರು ಮೂವರಾಗಿ ಬಂದಿರುವ ತರುಣರೇ, ಮತ್ತು ಈ ದಿನದ ಸನ್ಮಾನಿತರೂ ನನ್ನ ಸ್ವಂತ ಅಕ್ಕನ ಗಂಡನೂ ಆದ ಶ್ರೀಯುತ ಭಾವನವರೇ,

ಮೊದಲಿಗೆ ನನ್ನ ಹಿಂದೆ ಕಟ್ಟಿರುವ ಬ್ಯಾನರಿನ ಬಗ್ಗೆ ಒಂದು ಕ್ಷಮೆ ಕೇಳಬೇಕು. ನಾವು ಕೊಟ್ಟದ್ದು ಇಡೀ ತಂಡ ಕಪ್ ಎತ್ತಿ ಹಿಡಿದ ಫೋಟೋ. ಫ್ಲೆಕ್ಸ್ ಮಾಡಿದವರು ಅದರಲ್ಲಿ ವಿರಾಟ್ ಕೊಹ್ಲಿ ಒಬ್ಬರನ್ನು ಮಾತ್ರ ಎಂಟಡಿ ಎತ್ತರಕ್ಕೆ ಹಿಗ್ಗಿಸಿದ್ದಾರೆ. ಉಳಿದ ತಂಡ ಹೋಯಿತೆಂದು ಯಾರೂ ತಿಳಿಯಬಾರದು. ಎಡಗಡೆ ಅಂಚಿನಲ್ಲಿ ಕಾಣುವ ಮೊಣಕೈ ಕ್ಯಾಪ್ಟನ್ ರಜತ್ ಪಾಟಿದಾರ್ ಅವರದು, ಬಲಗಡೆಯ ಕಿವಿ ಕೃಣಾಲ್ ಪಾಂಡ್ಯ ಅವರದು ಎಂದು ನಾವು ಭಾವಿಸಿದ್ದೇವೆ. ಕಪ್ ಎಲ್ಲಿ ಎಂದು ಕೇಳಿದೆ. ಕಪ್ ಇಟ್ಟರೆ ಮುಖ ಸಣ್ಣದಾಗುತ್ತದೆ ಸಾರ್ ಅಂದರು. ನನ್ನ ಇಡೀ ಭಾಷಣವನ್ನು ಅವರು ಒಂದೇ ವಾಕ್ಯದಲ್ಲಿ ಮುಗಿಸಿಬಿಟ್ಟರು. ಆದರೂ ಬರೆದು ತಂದಿದ್ದೇನೆ, ಓದುತ್ತೇನೆ.

ನಮ್ಮ ಭಾವನವರು 2008ರಿಂದ ಅಖಂಡ ಹದಿನೇಳು ವರ್ಷ, ಏಪ್ರಿಲ್ ಬಂದೊಡನೆ, ಜೇನು ಕಟ್ಟಿದ ಹಾಗೆ, ಮಾವಿನ ಮಿಡಿ ಉಪ್ಪಿಗೆ ಬಿದ್ದ ಹಾಗೆ, ತಪ್ಪದೆ ‘ಈ ಸಲ ಕಪ್ ನಮ್ದೇ’ ಎಂದು ಹೇಳುತ್ತ ಬಂದವರು. ಕೊಳೆರೋಗ ಬಂದ ವರ್ಷವೂ ಹೇಳಿದರು, ಅಡಿಕೆ ರೇಟು ಬಿದ್ದ ವರ್ಷವೂ ಹೇಳಿದರು. ತೋಟಕ್ಕೆ ಬೋರ್ಡೊ ಹೊಡೆಸುವ ದಿನವನ್ನು ಪಂದ್ಯದ ವೇಳಾಪಟ್ಟಿ ನೋಡಿ ಗೊತ್ತು ಮಾಡಿದ ಈ ತಾಲ್ಲೂಕಿನ ಏಕೈಕ ಕೃಷಿಕರು ಅವರು. ಕೊನೆಗೆ ಐಪಿಎಲ್‌ನ ಹದಿನೆಂಟನೇ ಸೀಸನ್ನಿನಲ್ಲಿ, 2025ರ ಜೂನ್ 3ರ ರಾತ್ರಿ, ಅಹಮದಾಬಾದಿನಲ್ಲಿ ಕಪ್ ಬಂತು. ಆ ಘಳಿಗೆಯಲ್ಲಿ ನಮ್ಮ ಭಾವನವರು ಎಲ್ಲಿದ್ದರು? ಇಂದಿನ ಸನ್ಮಾನ ಇರುವುದೇ ಆ ಕಾರಣಕ್ಕೆ.

ಸಭಿಕರೇ, ನಾನು ಅಂದು ಅವರ ಮನೆಯಲ್ಲೇ ಇದ್ದೆ. ಹೊರಗೆ ಮಳೆ ಹಿಡಿದಿತ್ತು. ಕರೆಂಟು ಇನ್ವರ್ಟರಿನ ಕೃಪೆ. ಕೊಹ್ಲಿ ಬ್ಯಾಟಿಂಗಿಗೆ ಬಂದಾಗ ಅಕ್ಕ ಅಡುಗೆಮನೆಯ ಹೊಸ್ತಿಲಲ್ಲಿ ಸಟ್ಟುಗ ಹಿಡಿದು ನಿಂತಿದ್ದಳು. ಅದೇ ಹೊತ್ತಿಗೆ ಚೆಂಡು ಬೌಂಡರಿಗೆ ಹೋಯಿತು. “ಹಂದಾಡಬೇಡ ಮಾರಾಯ್ತಿ, ಅಲ್ಲೇ ನಿಲ್ಲು” ಎಂದು ಭಾವ ಅಪ್ಪಣೆ ಮಾಡಿದರು. ಅವಳು ನಿಂತಳು. ಕಾವಲಿಯ ಮೇಲೆ ಅಕ್ಕಿರೊಟ್ಟಿ ಮೊದಲು ಕೆಂಪಾಯಿತು, ಆಮೇಲೆ ಕಪ್ಪಾಯಿತು, ಆಮೇಲೆ ಹೊಗೆಯಾಯಿತು. ಹದಿನೈದನೇ ಓವರಿನಲ್ಲಿ ಕೊಹ್ಲಿ 35 ಎಸೆತಕ್ಕೆ 43 ಹೊಡೆದು ಔಟಾದರು. ಭಾವ ಒಂದು ಮಾತಾಡಲಿಲ್ಲ. ರಬ್ಬರ್ ಬ್ಯಾಂಡು ಸುತ್ತಿದ ರಿಮೋಟಿನಿಂದ ಟಿವಿ ಆರಿಸಿದರು, ಕೊಡೆ ತೆಗೆದುಕೊಂಡರು, ಟಾರ್ಚು ತೆಗೆದುಕೊಂಡರು, ತೋಟದ ಕಪ್ಪಿನಲ್ಲಿ ನೀರು ಕಟ್ಟಿದೆಯೋ ನೋಡಿ ಬರುತ್ತೇನೆಂದು ಹೊರಟೇಬಿಟ್ಟರು. ಪಂದ್ಯದಲ್ಲಿ ಇನ್ನೂ ಅರ್ಧಕ್ಕಿಂತ ಹೆಚ್ಚು ಬಾಕಿ ಇತ್ತು.

ಆರ್‌ಸಿಬಿ 190 ಮಾಡಿತು. ಕೃಣಾಲ್ ಪಾಂಡ್ಯ ನಾಲ್ಕು ಓವರಿನಲ್ಲಿ ಬರೀ 17 ರನ್ ಕೊಟ್ಟು ಎರಡು ವಿಕೆಟ್ ಕಿತ್ತರು. ಕೊನೆಯ ಓವರಿಗೆ ಪಂಜಾಬಿಗೆ 29 ಬೇಕಿತ್ತು, ಶಶಾಂಕ್ ಸಿಂಗ್ 22 ಹೊಡೆದರು. ಆರು ರನ್ನಿನ ಗೆಲುವು. ಇದ್ಯಾವುದನ್ನೂ ಭಾವ ನೋಡಲಿಲ್ಲ. ರಾತ್ರಿ ಹನ್ನೊಂದು ದಾಟಿದ ಮೇಲೆ ಗಡಿಕಲ್ಲಿನ ಕಡೆಯಿಂದ ಪಟಾಕಿ ಸದ್ದು ಕೇಳಿ, ಹಾಸಿಗೆಯಲ್ಲೇ ಎದ್ದು ಕೂತು, “ಈ ಮಳೆಗಾಲದಲ್ಲಿ ಯಾರದೋ ಮದುವೆ?” ಎಂದು ಕೇಳಿದರು. “ಗೆದ್ವಂತೆ ಭಾವ” ಅಂದೆ. ಎರಡು ನಿಮಿಷ ಸುಮ್ಮನಿದ್ದರು. ಆಮೇಲೆ ಕೇಳಿದರು: “ಕೊಹ್ಲಿ ಅತ್ತನಾ?”

ಅತ್ತಿದ್ದರು. ಇನ್ನೂ ಚೆಂಡುಗಳು ಬಾಕಿ ಇರುವಾಗಲೇ ಅತ್ತಿದ್ದರು. ಅದನ್ನು ಮೊಬೈಲಿನಲ್ಲಿ ತೋರಿಸಿದೆ. ಸಿಗ್ನಲ್ ಸಿಗುವುದು ಅಂಗಳದ ತುಳಸಿಕಟ್ಟೆಯ ಪಕ್ಕ ಮಾತ್ರ. ಕೊಡೆ ಹಿಡಿದು ನಿಂತು ಆ ಒಂದು ನಿಮಿಷದ ವಿಡಿಯೋವನ್ನು ಭಾವ ಏಳು ಸಲ ನೋಡಿದರು. ಕೃಣಾಲರ ಬೌಲಿಂಗನ್ನು ಇವತ್ತಿನವರೆಗೂ ನೋಡಿಲ್ಲ.

ಮರುದಿನ ಜೂನ್ 4. ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ ಕಾಲ್ತುಳಿತದಲ್ಲಿ ಹನ್ನೊಂದು ಜನ ಸತ್ತರು. ಅದರ ಬಗ್ಗೆ ಈ ದನಿಯಲ್ಲಿ ಮಾತಾಡಬಾರದು. ಈ ಸನ್ಮಾನ ಇಷ್ಟು ತಡವಾದದ್ದಕ್ಕೂ ಇವತ್ತು ಪಟಾಕಿ ಬೇಡವೆಂದದ್ದಕ್ಕೂ ಅದೇ ಕಾರಣ.

ಈಗ ಟೋಪಿಯ ವಿಷಯಕ್ಕೆ ಬರುತ್ತೇನೆ. ಸನ್ಮಾನಕ್ಕೆ ಮೈಸೂರು ಪೇಟ ಬಿಟ್ಟು ಅಡಿಕೆ ಹಾಳೆಯ ಟೋಪಿ ಯಾಕೆ ಎಂದು ಕೆಲವರು ಆಕ್ಷೇಪ ಎತ್ತಿದ್ದಾರೆ. ಖರ್ಚಿನ ಪ್ರಶ್ನೆಯಲ್ಲ, ಇತಿಹಾಸದ ಪ್ರಶ್ನೆ. ಐಪಿಎಲ್‌ನಲ್ಲಿ ಹೆಚ್ಚು ರನ್ ಹೊಡೆದವನಿಗೆ ಕಿತ್ತಳೆ ಟೋಪಿ, ಹೆಚ್ಚು ವಿಕೆಟ್ ತೆಗೆದವನಿಗೆ ನೇರಳೆ ಟೋಪಿ ಹಾಕುತ್ತಾರೆ. 2011ರಲ್ಲಿ ಕ್ರಿಸ್ ಗೇಲ್ 608 ರನ್ ಹೊಡೆದರು. ಟೋಪಿ ನಮಗೆ, ಕಪ್ ಚೆನ್ನೈಗೆ. 2012ರಲ್ಲಿ ಅದೇ ಗೇಲ್ 733. ಟೋಪಿ ನಮಗೆ, ಪ್ಲೇಆಫ್‌ಗೂ ಹೋಗಲಿಲ್ಲ. 2016ರಲ್ಲಿ ಕೊಹ್ಲಿ 973 ರನ್, ನಾಲ್ಕು ಶತಕ. ಫೈನಲ್ ನಮ್ಮದೇ ಬೆಂಗಳೂರಿನಲ್ಲಿ, 209 ಬೇಕಿದ್ದಾಗ ಗೇಲ್ ಮತ್ತು ಕೊಹ್ಲಿ ಸೇರಿ ಮೊದಲ ವಿಕೆಟ್ಟಿಗೇ 114 ಮಾಡಿಕೊಟ್ಟರು. ಅವರಿಬ್ಬರೂ ಹೋದ ಮೇಲೆ ಉಳಿದವರು ಸೇರಿ ಎಂಟು ರನ್ ಕಡಿಮೆ ಮಾಡಿದರು. ಟೋಪಿ ನಮಗೆ, ಕಪ್ ಹೈದರಾಬಾದಿಗೆ. 2021ರಲ್ಲಿ ಹರ್ಷಲ್ ಪಟೇಲ್ 32 ವಿಕೆಟ್, 2024ರಲ್ಲಿ ಮತ್ತೆ ಕೊಹ್ಲಿ 741. ಪ್ರತಿ ಸಲವೂ ಟೋಪಿ. ಕನ್ನಡದಲ್ಲಿ ‘ಟೋಪಿ ಹಾಕಿದರು’ ಎಂಬ ಮಾತಿಗೆ ಏನು ಅರ್ಥವೆಂದು ಐಪಿಎಲ್‌ನವರಿಗೆ ಯಾರಾದರೂ ಮೊದಲೇ ತಿಳಿಸಬೇಕಿತ್ತು.

ಇನ್ನು 2009ನ್ನು ಮರೆಯಬಾರದು. ಜೋಹಾನ್ಸ್‌ಬರ್ಗಿನ ಫೈನಲ್. ನಮ್ಮ ಅನಿಲ್ ಕುಂಬ್ಳೆ 16 ರನ್ನಿಗೆ ನಾಲ್ಕು ವಿಕೆಟ್ ಕಿತ್ತು, ಸೋತ ತಂಡದಲ್ಲಿದ್ದೂ ಪಂದ್ಯಶ್ರೇಷ್ಠರಾದರು. ಸೋತದ್ದು ಎಷ್ಟರಿಂದ? ಆರೇ ರನ್. ಆ ಆರು ರನ್ ಹದಿನಾರು ವರ್ಷ ಊರೆಲ್ಲ ಸುತ್ತಿ ಮನೆಗೆ ಬಂದದ್ದು 2025ರಲ್ಲಿ. ಆ ವರ್ಷ ಟೋಪಿಗಳು ಯಾರಿಗೆ ಹೋದವು? ಕಿತ್ತಳೆ ಸಾಯಿ ಸುದರ್ಶನ್‌ಗೆ, ನೇರಳೆ ನಮ್ಮ ಪ್ರಸಿದ್ಧ ಕೃಷ್ಣನಿಗೆ. ಇಬ್ಬರೂ ಗುಜರಾತ್ ತಂಡದವರು. ಆರ್‌ಸಿಬಿಯಲ್ಲಿ ಆ ಸೀಸನ್ನಿನುದ್ದಕ್ಕೂ ಪಂದ್ಯಶ್ರೇಷ್ಠರಾದವರು ಬೇರೆ ಬೇರೆ ಒಂಬತ್ತು ಜನ. ಒಂದು ದಿನ ಸುಯಶ್, ಒಂದು ದಿನ ಜಿತೇಶ್, ಇನ್ನೊಂದು ದಿನ ಶೆಫರ್ಡ್. ನಾಟಿ ಗದ್ದೆಯಲ್ಲಿ ಯಾರು ಎಷ್ಟು ನೆಟ್ಟರೆಂದು ಸಂಜೆಗೆ ಹೇಳಲಾಗದಂಥ ಆಟ.

ಟೋಪಿ ಬಂದರೆ ಕಪ್ ಬರುವುದಿಲ್ಲ ಎಂಬುದು ಹೀಗೆ ನನ್ನ ಸಿದ್ಧಾಂತ. ಇದನ್ನು ಮನೆಯಲ್ಲಿ ಮಂಡಿಸಿದಾಗ ಭಾವನ ಮಗಳು ತಲೆಯೆತ್ತದೆ ಹೇಳಿದಳು: “ಮಾವ, 2024ರಲ್ಲಿ ನಮ್ಮವರು ಎರಡೂ ಟೋಪಿ, ಕಪ್ಪು ಎಲ್ಲ ತಂದ್ರಲ್ಲ.” ಹೆಂಗಸರ ಲೀಗು. ಎಲಿಸ್ ಪೆರಿಗೆ ಕಿತ್ತಳೆ, ಶ್ರೇಯಾಂಕಾ ಪಾಟೀಲಳಿಗೆ ನೇರಳೆ, ಸ್ಮೃತಿ ಮಂಧಾನ ಕೈಯಲ್ಲಿ ಕಪ್; ದೆಹಲಿಯವರನ್ನು ದೆಹಲಿಯಲ್ಲೇ 113ಕ್ಕೆ ಮುಗಿಸಿ. ನನ್ನ ಸಿದ್ಧಾಂತಕ್ಕೆ ಹುಳಿ ಬಿತ್ತು. ಆದರೆ ಭಾವನ ಮುಖ ನೋಡಬೇಕಿತ್ತು. ಹದಿನೇಳನೇ ವರ್ಷ ‘ಈ ಸಲ ಕಪ್ ನಮ್ದೇ’ ಎನ್ನುತ್ತಿದ್ದಾಗ ಮನೆಯೊಳಗೆ ಆಗಲೇ ಒಂದು ಕಪ್ ಬಂದು ಕೂತಿತ್ತು, ಅವರು ಅದನ್ನು ದಾಟಿಕೊಂಡೇ ಓಡಾಡುತ್ತಿದ್ದರು.

ಸನ್ಮಾನಿತರ ವಾದವನ್ನೂ ಸಭೆಯ ಮುಂದಿಡದಿದ್ದರೆ ಅನ್ಯಾಯವಾಗುತ್ತದೆ. ಅವರು ದಡ್ಡರಲ್ಲ, ಪ್ರತಿ ವರ್ಷ ಅಡಿಕೆ ಮಂಡಿಗೆ ಹೋಗುವವರು. ಒಂದು ದಿನ ಅಡಿಕೆ ಸುಲಿಯುವ ಮಣೆಯ ಮುಂದೆ ಕೂತು ಕೇಳಿದರು: “ತಂಡ ತಂಡ ಅಂತೀಯಲ್ಲ, ತಂಡ ಅಂದ್ರೆ ಎಂತದು ಹೇಳು. ಸರಕು, ಬೆಟ್ಟೆ, ರಾಶಿ, ಗೊರಬಲು ಅಂತ ಬೇರೆ ಮಾಡಿ ಹರಾಜಿಗೆ ಇಡ್ತಾರೆ. ಈ ವರ್ಷ ನಮ್ಮ ಚೀಲದಲ್ಲಿದ್ದದ್ದು ಮುಂದಿನ ವರ್ಷ ಪಕ್ಕದವನ ಚೀಲದಲ್ಲಿ. ನಾನು ಚೀಲಕ್ಕೆ ಕೈ ಮುಗೀಬೇಕಾ?” ನನ್ನಲ್ಲಿ ಉತ್ತರ ಇರಲಿಲ್ಲ. ಗೇಲ್ ಸಾಹೇಬರನ್ನೇ 2011ರ ಹರಾಜಿನಲ್ಲಿ ಯಾರೂ ಕೊಂಡಿರಲಿಲ್ಲ, ಗಾಯಗೊಂಡವರೊಬ್ಬರ ಬದಲಿಗೆ ನಡುವೆ ಬಂದವರು. ಆರ್‌ಸಿಬಿಗೆ ಅತಿ ಹೆಚ್ಚು ವಿಕೆಟ್ ಕಿತ್ತುಕೊಟ್ಟ ಚಾಹಲ್ 2025ರ ಫೈನಲಿನಲ್ಲಿ ಪಂಜಾಬಿನ ಅಂಗಿ ತೊಟ್ಟಿದ್ದರು. ನಮ್ಮ ಹನ್ನೊಂದರಲ್ಲಿ ಮಯಾಂಕ್ ಅಗರ್ವಾಲ್ ಒಬ್ಬ ಕನ್ನಡಿಗ. ಎದುರು ತಂಡದಲ್ಲಿ ವೈಶಾಖ್ ವಿಜಯ್‌ಕುಮಾರ್ ಇನ್ನೊಬ್ಬ. ಯಾರು ನಮ್ಮವರು? ಹದಿನೆಂಟು ಸೀಸನ್ನಿಗೂ ಕದಲದೆ ಒಂದೇ ತಂಡದಲ್ಲಿ ನಿಂತದ್ದು ಆ ಒಬ್ಬ ದೆಹಲಿಯವನು. ತಂಡ ಬದಲಾಗುತ್ತಲೇ ಇದ್ದಾಗ ತಂಡದ ಗುರುತಿಗೆ ಉಳಿದದ್ದು ಅದೊಂದೇ ಮುಖ. ಭಾವ ಮುಖಕ್ಕೆ ಅಂಟಿಕೊಂಡರು. ಅದರಲ್ಲಿ ತಪ್ಪು ಹುಡುಕುವುದು ಕಷ್ಟ.

ಆದರೆ, ಭಾವ, ಚೀಲವಲ್ಲದ ತಂಡವೂ ಒಂದಿತ್ತಲ್ಲ? ವಿನಯ್ ಕುಮಾರ್ ಕ್ಯಾಪ್ಟನ್ ಆಗಿದ್ದಾಗ, 2013-14 ಮತ್ತು 2014-15, ಎರಡು ವರ್ಷ ಒಂದಾದ ಮೇಲೊಂದು ರಣಜಿ, ಇರಾನಿ, ವಿಜಯ್ ಹಜಾರೆ ಮೂರೂ ಕರ್ನಾಟಕಕ್ಕೆ ಬಂದವು. ವಾಂಖೆಡೆಯ ರಣಜಿ ಫೈನಲಿನಲ್ಲಿ ಕರುಣ್ ನಾಯರ್ 328 ಹೊಡೆದರು, ರಾಹುಲ್ 188. ವಿನಯ್ ಕುಮಾರ್ ತಾವೇ ಐದು ವಿಕೆಟ್ ಕಿತ್ತು ಶತಕವನ್ನೂ ಹೊಡೆದರು. ಆರೂ ಕಪ್ ನಮ್ದೇ. ಆ ಎರಡು ವರ್ಷ ಭಾವನ ಬಾಯಿಂದ ಒಂದು ಘೋಷಣೆ ಬರಲಿಲ್ಲ. ನಾನೂ ಹೇಳಲಿಲ್ಲ, ಒಪ್ಪಿಕೊಳ್ಳುತ್ತೇನೆ.

ಇಲ್ಲಿರುವ ಹಿರಿಯರಿಗೆ ಇನ್ನೂ ಹಿಂದಿನದು ನೆನಪಿರಬಹುದು. 1974. ರಾಜ್ಯಕ್ಕೆ ಕರ್ನಾಟಕವೆಂದು ಹೆಸರಿಟ್ಟು ಇನ್ನೂ ಒಂದು ವರ್ಷವಾಗಿರಲಿಲ್ಲ. ಹದಿನೈದು ವರ್ಷ ಬಿಡದೆ ರಣಜಿ ಗೆದ್ದ ಬೊಂಬಾಯಿ ಬೆಂಗಳೂರಿಗೆ ಸೆಮಿಫೈನಲ್ ಆಡಲು ಬಂತು. ನಮ್ಮದೇ ಜಿಲ್ಲೆಯ ಭದ್ರಾವತಿಯಲ್ಲಿ ಹುಟ್ಟಿದ ಗುಂಡಪ್ಪ ವಿಶ್ವನಾಥ್ 162 ಹೊಡೆದರು. ಹೀರೋ ಆಗಲು ಅಷ್ಟು ಸಾಕು. ಆದರೆ ಬ್ರಿಜೇಶ್ ಪಟೇಲರ ಶತಕ, ಪ್ರಸನ್ನ-ಚಂದ್ರಶೇಖರ್ ಜೋಡಿಯ ಸ್ಪಿನ್ನು, ವಾಡೇಕರ್ ಕಾಲು ಜಾರಿ ರನೌಟಾದದ್ದು, ಇವೆಲ್ಲ ಸೇರದೆ ಆ ಕತೆಯನ್ನು ಹೇಳಲು ಯಾವ ಮುದುಕರಿಗೂ ಬರುವುದಿಲ್ಲ. ರೇಡಿಯೋದಲ್ಲಿ ಮುಖ ಕಾಣುತ್ತಿರಲಿಲ್ಲವಲ್ಲ, ಅದಕ್ಕೇ ಇರಬೇಕು.

ಒಬ್ಬನಿಂದಲೇ ಕಪ್ ಬರುವುದಿಲ್ಲ ಎಂಬುದಕ್ಕೆ ಅಮೆರಿಕದಲ್ಲಿರುವ ನಮ್ಮ ಅಳಿಯನೊಬ್ಬ ಒಂದು ಕತೆ ಹೇಳಿದ: ಅಲ್ಲಿಯ ಫುಟ್‌ಬಾಲಿನಲ್ಲಿ ಚೆಂಡು ಎಸೆಯುವ ಯಜಮಾನನಿಗೆ ಕ್ವಾರ್ಟರ್‌ಬ್ಯಾಕ್ ಅನ್ನುತ್ತಾರಂತೆ. ಡ್ಯಾನ್ ಮರೀನೊ ಎಂಬಾತ ಮಯಾಮಿ ತಂಡಕ್ಕೆ 1983ರಿಂದ ಹದಿನೇಳು ಸೀಸನ್ ಎಸೆದ, ದಾಖಲೆ ಮೇಲೆ ದಾಖಲೆ. ಒಂದೂ ಕಪ್ ಇಲ್ಲ. ಭಾವನಿಗೆ ಹೇಳಿದೆ. “ಹದಿನೇಳಕ್ಕೇ ಬಿಟ್ಟನಾ? ಇನ್ನೊಂದು ವರ್ಷ ಆಡಬೇಕಿತ್ತು” ಅಂದರು.

ಕುಪ್ಪಳ್ಳಿಯಲ್ಲಿ ಭಾಷಣ ಮಾಡಿ ಕುವೆಂಪು ಅವರ ಹೆಸರೆತ್ತದೆ ಇಳಿದರೆ ಮೈಕಿನವರೇ ಬಿಡುವುದಿಲ್ಲ. ‘ಮಲೆಗಳಲ್ಲಿ ಮದುಮಗಳು’ 1967ರಲ್ಲಿ ಬಂತು. ಅದರ ಮೊದಲಿಗಿರುವ ಆ ಪ್ರಸಿದ್ಧ ಮಾತನ್ನು ನಾನು ಹೇಳುವುದಿಲ್ಲ, ನಿಮಗೆಲ್ಲ ಬಾಯಿಪಾಠ. ಅಷ್ಟು ದೊಡ್ಡ ಕಾದಂಬರಿಯಲ್ಲಿ ಕ್ಯಾಪ್ಟನ್ ಯಾರು ಎಂದು ಹುಡುಕಿ ನೋಡಿ, ಸಿಗುವುದಿಲ್ಲ. ಗುತ್ತಿಯೇ ಎನ್ನುತ್ತೀರಿ, ಅಷ್ಟರಲ್ಲಿ ಅವನ ನಾಯಿ ಹುಲಿಯ ಓದುಗರ ಎದೆಯನ್ನೆಲ್ಲ ಹೊತ್ತುಕೊಂಡು ಹೋಗಿರುತ್ತದೆ. ಇಲ್ಲೇ ಮೇಲೆ ಕವಿಶೈಲದ ಬಂಡೆಯ ಮೇಲೆ ಕುವೆಂಪು ತಮ್ಮ ಗುರುಗಳ ಜೊತೆ ಸೇರಿ ಕೊರೆದ ಹೆಸರಿನ ಅಕ್ಷರಗಳಿವೆ. ಕಪ್ ಬಂದ ವಾರ ಅದರ ಪಕ್ಕದಲ್ಲಿ ಕೊಹ್ಲಿಯ ಅಂಗಿಯ ನಂಬರು ‘18’ ಎಂದು ಕೆತ್ತಿಸುವ ಪ್ರಸ್ತಾಪವನ್ನು ಭಾವ ನಮ್ಮ ಸಂಘದ ಮುಂದಿಟ್ಟಿದ್ದರು. ಅದನ್ನು ತಡೆದದ್ದಕ್ಕೆ ನನಗೂ ಒಂದು ಸನ್ಮಾನ ಆಗಬೇಕಿತ್ತು; ಬಜೆಟ್ಟಿನಲ್ಲಿ ಅವಕಾಶವಾಗಲಿಲ್ಲ.

ಈಗ ದಯವಿಟ್ಟು ಸನ್ಮಾನಿತರು ಎದ್ದು ನಿಲ್ಲಬೇಕು. ಈ ಹಾಳೆ ಅವರದೇ ತೋಟದ ಮರದ್ದು. ಬಿದ್ದದ್ದನ್ನು ಅಕ್ಕ ಹೆಕ್ಕಿ, ನೆನೆಹಾಕಿ, ತಾನೇ ಮಡಿಸಿ ಹೊಲಿದಿದ್ದಾಳೆ. ಸೀದುಹೋದ ರೊಟ್ಟಿಯ ಸೇಡು ಎಂದು ಯಾರೂ ಅರ್ಥ ಮಾಡಬಾರದು. ತಲೆ ಸ್ವಲ್ಪ ಬಗ್ಗಿಸಿ ಭಾವ. ಹಾಂ. ಚಪ್ಪಾಳೆ.

ಭಾವ, ಅದನ್ನು ತೆಗೀಬಾರದು, ಫೋಟೋ ಇದೆ. ಅದು ತಲೆಗೆ ಹಾಕುವುದು ಮಾರಾಯ್ರೆ, ಮಗುಚಿ ಹಿಡಿಯುವುದಲ್ಲ. ಅಯ್ಯೋ, ಎರಡೂ ಕೈಯಲ್ಲಿ ಮೇಲೆತ್ತಿಬಿಟ್ಟರಲ್ಲ! ಕೆಳಗೆ ಇಳಿಸಿ, ಮಂಡಕ್ಕಿ ಹಂಚುವ ಹುಡುಗ ಬರ್ತಿದ್ದಾನೆ... ಹಾಕಿಯೇಬಿಟ್ಟ. ಆಯಿತು, ಸ್ವಲ್ಪ ಹಿಂದಿನ ಸಾಲಿಗೂ ದಾಟಿಸಿ.